ಮರಿ ಊಟ ಬಿಟ್ಟ ನವೆಂಬರ್

ನನಗೆ ಒಂದು ಕಡೆ ಕೂತು ಮಾತಾಡಲು ಬರುವುದಿಲ್ಲ. ಫೋನ್ ಕಿವಿಗೆ ಸಿಕ್ಕಿತೆಂದರೆ ಕಾಲು ತಾನೇ ನಡೆಯತೊಡಗುತ್ತದೆ. ಸೋಫಾದಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆ ಬಾಗಿಲಿಗೆ, ಅಲ್ಲಿಂದ ಮತ್ತೆ ಸೋಫಾಕ್ಕೆ. ಇದು ಹಳೆಯ ಚಟ. ಆದರೆ ಆ ನವೆಂಬರಿನಲ್ಲಿ ನಾನು ನಡೆದಷ್ಟು ನಮ್ಮ ನೋಯ್ಡಾ ಮನೆಯಲ್ಲಿ ಯಾರೂ ಯಾವತ್ತೂ ನಡೆದಿರಲಿಕ್ಕಿಲ್ಲ. ಹೊರಗೆ ಹೊಗೆ ಕವಿದು ಎದುರಿನ ಟವರ್ ಮಾಯವಾಗಿತ್ತು. ಮನೆಯಿಂದಲೇ ಕೆಲಸ ಮಾಡಿ ಎಂದು ಆಫೀಸಿನವರು ಹೇಳಿದ್ದರಿಂದ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ದಿನವಿಡೀ ಒಳಗೇ ಇದ್ದೆ. ಒಳಗೆ, ನನ್ನ ಜೊತೆ, ಊಟ ಮುಟ್ಟದ ನಾಯಿಮರಿಯೊಂದಿತ್ತು.

ಪಕ್ಕದ ಸೆಕ್ಟರಿನಲ್ಲಿ ಬೀದಿಮರಿಗಳನ್ನು ಎತ್ತಿ ತಂದು ಸಾಕಿ, ಮನೆ ಹುಡುಕಿಕೊಡುವ ಹೆಂಗಸೊಬ್ಬರು ಅದನ್ನು ನನಗೆ ಕೊಟ್ಟಿದ್ದರು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿತ್ತು. ಅವರ ಮನೆಯಲ್ಲಿದ್ದಾಗ ತಟ್ಟೆಯನ್ನೂ ಬಿಡದೆ ನೆಕ್ಕುತ್ತಿತ್ತಂತೆ. ನಮ್ಮಲ್ಲಿಗೆ ಬಂದ ಮೊದಲ ಸಂಜೆಯೇ ನನ್ನ ಪಾದದ ಮೇಲೆ ಗಲ್ಲ ಊರಿ ನಿದ್ದೆ ಹೋಯಿತು. ಅದು ಏಳುವವರೆಗೆ ನಾನು ಅಲುಗಾಡಲಿಲ್ಲ. ಆಮೇಲೆ ನೆನೆದುಕೊಂಡರೆ ನನಗೇ ಆಶ್ಚರ್ಯವಾಯಿತು. ನನ್ನನ್ನು ಹಾಗೆ ಕೂರಿಸಿದವರು ಯಾರೂ ಇರಲಿಲ್ಲ. ಈ ಮರಿ ನನಗೆ ಬೇಕು ಎಂದು ಅವತ್ತೇ ಅನ್ನಿಸಿಬಿಟ್ಟಿತ್ತು.

ಅತ್ತೆಗೆ ಬೇಡವಾಗಿತ್ತು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಮಂಡ್ಯ ಕಡೆಯ ಹಳ್ಳಿಯವರು. ಅವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಸಿವು ಅಸಿವಾಗುತ್ತದೆ. "ನಾಯಿ ಇರ್‍ಲಿ, ಬ್ಯಾಡ ಅನ್ನಕಿಲ್ಲ. ಅಡಿಗೆ ಮನೆಗೂ ದೇವ್ರ ತಾವ್ಕೂ ಬರಕೂಡದು ಅಷ್ಟೆ," ಎಂದರು. ಮರಿ ಆ ಕಡೆ ಮೂತಿ ತೂರಿಸಿದಾಗಲೆಲ್ಲ ಮಡಚಿದ ಪೇಪರನ್ನು ನೆಲಕ್ಕೆ ಪಟ್ಟನೆ ಬಡಿದು ಹಚ್ಚಾ ಎಂದು ಗದರುತ್ತಿದ್ದರು. ಒಂದು ದಿನವೂ ಮೈಮುಟ್ಟಿ ಹೊಡೆಯಲಿಲ್ಲ. ಮರಿ ಬಲು ಬೇಗ ಕಲಿತು, ಹೊಸ್ತಿಲಲ್ಲೇ ನಿಲ್ಲತೊಡಗಿತು. ನನ್ನ ಗಂಡ ಮಾನೇಸರದ ಕಾರ್ಖಾನೆಗೆ ಬೆಳಕು ಹರಿಯುವ ಮೊದಲೇ ಹೊರಟು ಕತ್ತಲಾದ ಮೇಲೆ ಬರುವವರು. ಅವರು ನೋಡುವಾಗೆಲ್ಲ ಮರಿ ಮಲಗಿರುತ್ತಿತ್ತು, ಹಾಗಾಗಿ ಅವರ ಪ್ರಕಾರ ಎಲ್ಲವೂ ಸರಿಯಾಗಿತ್ತು.

ಯಾವುದೂ ಸರಿಯಿರಲಿಲ್ಲ. ಬಟ್ಟಲಿಟ್ಟರೆ ಬಾಲ ಆಡಿಸುತ್ತ ಬರುತ್ತಿತ್ತು, ಮೂಸುತ್ತಿತ್ತು, ಎರಡು ತುತ್ತು ತಿನ್ನುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಕಿವಿ ಮಡಚಿ, ಹಿಂದೆ ಹಿಂದೆ ಹೆಜ್ಜೆಯಿಟ್ಟು ಸೋಫಾದ ಕೆಳಗೆ ಸೇರಿಬಿಡುತ್ತಿತ್ತು. ಅಂಗಡಿಯ ನಾಯಿತಿಂಡಿ ಕಾಳು ಬೇಡವೆಂದುಕೊಂಡು ಕೋಳಿ ಬೇಯಿಸಿದೆ. ಕೋಳಿ ಬೇಡವೆಂದುಕೊಂಡು ಮೊಟ್ಟೆ, ಪನೀರ್, ಕುಂಬಳಕಾಯಿ, ಕೊನೆಗೆ ಮೊಸರನ್ನ. ಒಂದೊಂದಕ್ಕೂ ಎರಡೇ ತುತ್ತು. ಬಟ್ಟಲು ಬದಲಾಯಿಸಿದೆ. ಜಾಗ ಬದಲಾಯಿಸಿದೆ. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಫೋನ್ ಹಿಡಿದು ಆಫೀಸಿನ ಮೀಟಿಂಗಿಗೆ ಹೂಂಗುಟ್ಟುತ್ತ ಮನೆಯೆಲ್ಲ ಅದರ ಹಿಂದೆ ತಿರುಗಿದೆ. ಡಾಕ್ಟರು ಹೊಟ್ಟೆ, ಹಲ್ಲು ಎಲ್ಲ ಒತ್ತಿ ನೋಡಿ ಕಾಯಿಲೆ ಏನೂ ಇಲ್ಲ ಎಂದರು. "ನಖರಾ ಹೈ ಮೇಡಂ, ಔರ್ ಕುಛ್ ನಹೀಂ," ಬರೀ ಬಿಂಕ ಎಂದು ನಕ್ಕರು. ನನಗೆ ಮಾತ್ರ ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆ ಸಿಗುತ್ತಿತ್ತು.

"ಯಾಕವ್ವ ಅಂಗೆ ಸುತ್ತುತೀಯ? ಕುಂತ್ಕೊ. ನೀ ಕುಂತ್ರೆ ಅದೂ ಉಣ್ತದೆ," ಎಂದರು ಅತ್ತೆ.

"ಹೇಗೆ ಕೂರಲಿ ಅತ್ತೆ? ನೋಡಿ, ಪಕ್ಕೆಲುಬು ಕಾಣ್ತಿದೆ."

"ಅಸಿವಾದ್ರೆ ಉಣ್ಣಕಿಲ್ವಾ?"

ಹಸಿವಾದರೂ ಅದು ಉಣ್ಣುತ್ತಿರಲಿಲ್ಲ. ಮರಿ ಕೊಟ್ಟ ಹೆಂಗಸಿಗೆ ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು. ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ. ಭಾನುವಾರ ಬಂದು ತೂಕ ನೋಡುತ್ತೇನೆ, ಏರಿಲ್ಲದಿದ್ದರೆ ವಾಪಸು ಕರೆದುಕೊಂಡು ಹೋಗುತ್ತೇನೆ, ಬೇಸರ ಮಾಡಿಕೊಳ್ಳಬೇಡಿ, ಕೆಲವು ಮರಿಗಳು ಕೆಲವು ಮನೆಗಳಿಗೆ ಹೊಂದಿಕೊಳ್ಳುವುದಿಲ್ಲ ಎಂದರು. ನಾನು ಫೋನಿಟ್ಟು ಬಾಲ್ಕನಿಗೆ ಹೋದೆ, ಬಂದೆ, ಮತ್ತೆ ಹೋದೆ. ನಮ್ಮ ಮನೆಗೆ ಹೊಂದಿಕೊಳ್ಳುವುದಿಲ್ಲ ಎಂದರೆ ಏನರ್ಥ? ನಮ್ಮ ಮನೆಗೇನಾಗಿದೆ? ಸಿಟ್ಟು ಬಂತು, ಆಮೇಲೆ ಭಯವೂ ಆಯಿತು.

ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ದಿಲ್ಲಿಯ ಕರೋಲ್ ಬಾಗಿನ ಅಂಗಡಿಯೊಂದರಲ್ಲಿ ಹೊರದೇಶದ ಆಹಾರ ಸಿಗುತ್ತದೆ, ಎಂಥ ಹಟಮಾರಿ ಮರಿಯೂ ತಿನ್ನುತ್ತದೆ ಎಂದು ಬರೆದರು. ಮೆಟ್ರೋ ಹಿಡಿದು ಹೊರಟೇಬಿಟ್ಟೆ. ಇಳಿದು ಸೈಕಲ್ ರಿಕ್ಷಾದಲ್ಲಿ ಹೊಗೆಯೊಳಗೆ ತಡವರಿಸುತ್ತ ಅಂಗಡಿ ಹುಡುಕಿದೆ. ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು "ಭಯ್ಯಾ, ಯಹೀ ವಾಲಾ ಹೈ ನಾ?" ಇದೇ ತಾನೇ ಎಂದು ಕೂಗಿ ಕೂಗಿ ವಿಚಾರಿಸಿ ಚೀಲ ಹೊತ್ತು ತಂದೆ. ಮಾರನೆಯ ಬೆಳಿಗ್ಗೆ ಎದ್ದರೆ ಗಂಟಲು ಕಟ್ಟಿಹೋಗಿತ್ತು. ಬಾಯಿ ತೆರೆದರೆ ಬರೀ ಗಾಳಿ. ಮೀಟಿಂಗುಗಳಲ್ಲಿ ಟೈಪ್ ಮಾಡಿಯೇ ಉತ್ತರ ಕೊಟ್ಟೆ. ಹೊಸ ಆಹಾರವನ್ನು ಬಟ್ಟಲಿಗೆ ಸುರಿದು, ಮಾತಿಲ್ಲದೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

ಮರಿ ಬಂತು. ತಿಂದಿತು. ಒಂದೇ ಉಸಿರಿಗೆ ತಿಂದು, ಬಟ್ಟಲನ್ನು ಗೋಡೆಯ ತನಕ ನೆಕ್ಕುತ್ತ ತಳ್ಳಿಕೊಂಡು ಹೋಯಿತು. ಮಧ್ಯಾಹ್ನವೂ ತಿಂದಿತು, ರಾತ್ರಿಯೂ ತಿಂದಿತು. ದನಿಯಿಲ್ಲದ ನಾನು ಚಪ್ಪಾಳೆ ತಟ್ಟಿದೆ. ಕರೋಲ್ ಬಾಗಿನ ಅಂಗಡಿಯವನಿಗೆ ಮನಸ್ಸಿನಲ್ಲೇ ಕೈಮುಗಿದೆ. ಅತ್ತೆ ಕೊಟ್ಟ ಕಾಳುಮೆಣಸಿನ ಕಷಾಯ ಕುಡಿದು, ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ಮಲಗಿದೆ.

ಕಷಾಯ ಕೆಲಸ ಮಾಡಿತ್ತು. ಮರುದಿನ ದನಿ ಬಂತು. ಮರಿ ಅದೇ ಆಹಾರಕ್ಕೆ ಮೂಗು ಮುರಿದು, ಎರಡು ತುತ್ತು ತಿಂದು, ಸೋಫಾದ ಕೆಳಗೆ ಹೋಯಿತು.

ನಾನು ಅವತ್ತು ಅತ್ತುಬಿಟ್ಟೆ. ಕಸ ಹಾಕಲು ಹೋಗುವ ನೆಪ ಮಾಡಿ ಮನೆಯಿಂದ ಹೊರಬಿದ್ದೆ, ಇಲ್ಲದಿದ್ದರೆ ಆ ಬಟ್ಟಲನ್ನು ಎತ್ತಿ ಒಗೆಯುತ್ತಿದ್ದೆನೇನೋ. ಲಿಫ್ಟಿನಲ್ಲಿ ಪಕ್ಕದ ಮನೆಯಾಕೆ ಸಿಕ್ಕಳು. ಅವಳ ಅಡುಗೆಮನೆಗೂ ನಮ್ಮದಕ್ಕೂ ನಡುವೆ ಒಂದೇ ಗೋಡೆ. ಮರಿ ಹೇಗಿದೆ ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ನಗುತ್ತ ಹೇಳಿದಳು: "ಆಪ್ ಕೀ ಆಂಟೀಜಿ ಕಿತ್ನೀ ಸ್ವೀಟ್ ಹೈಂ! ದಿನ್ ಭರ್ ಪಪ್ಪೀ ಕೋ ಅಚ್ಛಾ, ಅಚ್ಛಾ ಬೋಲ್ತೀ ರೆಹತೀ ಹೈಂ."

ಅತ್ತೆ ದಿನವಿಡೀ ಮರಿಗೆ ಅಚ್ಛಾ ಅಚ್ಛಾ, ಒಳ್ಳೆಯದು ಒಳ್ಳೆಯದು ಅನ್ನುತ್ತಾರಂತೆ! ಅತ್ತೆಗೆ ಹಿಂದಿಯ ಒಂದಕ್ಷರವೂ ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದವಳು ಅಲ್ಲೇ ನಿಂತೆ. ಲಿಫ್ಟ್ ಕೆಳಗೆ ತಲುಪಿ ಬಾಗಿಲು ತೆರೆಯಿತು, ಆಕೆ ಇಳಿದು ಹೋದಳು, ನಾನು ಕಸದ ಚೀಲ ಹಿಡಿದುಕೊಂಡೇ ಮತ್ತೆ ಮೇಲಕ್ಕೆ ಬಂದೆ.

ಅತ್ತೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲವಲ್ಲ. ಅವರು ಹೇಳುತ್ತಿದ್ದುದು ಹಚ್ಚಾ ಅಲ್ಲ, ಅಚ್ಚಾ. ನಮ್ಮ ಕನ್ನಡದ ಕಿವಿ ಬಿಟ್ಟುಹೋದ ಅಕ್ಷರವನ್ನು ತಾನೇ ಸೇರಿಸಿಕೊಂಡು ಕೇಳುತ್ತದೆ. ಮರಿಗೆ ಆ ಉಪಕಾರ ಬುದ್ಧಿ ಎಲ್ಲಿಂದ ಬರಬೇಕು? ಅಚ್ಚಾ ಅಂದರೆ ಆಚೆ ಹೋಗು, ಇದು ನಿನ್ನ ಜಾಗವಲ್ಲ ಎಂದು ಅದು ಶ್ರದ್ಧೆಯಿಂದ ಕಲಿತಿತ್ತು. ನಾನೋ, ಅದು ಉಣ್ಣುವ ಹೊತ್ತಿಗೆ ಸರಿಯಾಗಿ ಫೋನ್ ಹಿಡಿದು ಅದರ ತಲೆಯ ಮೇಲೆಯೇ ನಿಂತು, ಅಚ್ಛಾ, ಅಚ್ಛಾ ಸರ್, ಅಚ್ಛಾ ಚಲೋ ಠೀಕ್ ಹೈ ಎಂದು ಉದ್ದಕ್ಕೂ ಓಡಿಸುತ್ತ ಬಂದಿದ್ದೆ.

ಬಟ್ಟಲಿಟ್ಟೆ. ಮರಿ ಬಂದು ಬಾಯಿ ಹಾಕಿತು. ಮೆಲ್ಲಗೆ, ಆದಷ್ಟು ಪ್ರೀತಿಯಿಂದ, "ಅಚ್ಛಾ," ಎಂದೆ. ಕಿವಿ ಮಡಚಿತು. ಹಿಂದೆ ಹೆಜ್ಜೆ. ಸೋಫಾದ ಕೆಳಗೆ.

ನಾನು ನೆಲದ ಮೇಲೆ ಕೂತು ನಗತೊಡಗಿದೆ. ನಗು ನಿಲ್ಲದೆ ಕಣ್ಣಲ್ಲಿ ನೀರು ಬಂತು. ಅತ್ತೆ ಗಾಬರಿಯಾಗಿ ಓಡಿ ಬಂದರು. ಎಲ್ಲ ಹೇಳಿದೆ. ಅವರು ನಗಲಿಲ್ಲ.

"ಅತ್ತೆ, ಇನ್ನು ಮೇಲೆ ಆ ಮಾತು ಬೇಡ. ಬೇರೆ ಏನಾದ್ರೂ ಅನ್ನಿ," ಎಂದೆ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ ಹೇಳಿದರು: "ಲಿಫ್ಟಲ್ಲಿ ಯಾರು ಏನಂದ್ರೂ ತಲೆ ಆಡುಸ್ತೀನಿ. ತರಕಾರಿಯವ್ನಿಗೆ ಬೆಟ್ಟು ಮಾಡಿ ತೋರುಸ್ತೀನಿ. ಅವ್ನು ರಾತ್ರಿಗೇ ಬರದು, ನೀನು ದಿನಾ ಪೂರ್ತಿ ಫೋನ್‌ನಾಗೆ. ಈ ಊರಲ್ಲಿ ನಾ ಅಂದುದ್ದ ಅಂದಂಗೇ ತಿಳ್ಕಂಡುದ್ದು ಇದೊಂದೇ ಕಣವ್ವ. ಅದ್ನೂ ಬ್ಯಾಡ ಅಂತೀಯ?"

ಅವರ ಮಾತು ಅವರಿಗಿರಲಿ, ನಾನೇ ಬಿಡುತ್ತೇನೆ ಎಂದುಕೊಂಡೆ.

ಈ ಊರಿನಲ್ಲಿದ್ದುಕೊಂಡು ಅಚ್ಛಾ ಬಿಡುವುದು ಉಪ್ಪು ಬಿಟ್ಟಷ್ಟೇ ಕಷ್ಟ. ನಾಲಿಗೆಯ ತುದಿಯಲ್ಲೇ ಕೂತಿರುತ್ತದೆ. ಮೀಟಿಂಗಿನಲ್ಲಿ ಹಾಂ, ಜೀ, ಸರಿ ಎಂದೆಲ್ಲ ತೊದಲಿದೆ. ನನ್ನ ಮೇಲೇನಾದರೂ ಕೋಪವೇ ಎಂದು ಮ್ಯಾನೇಜರ್ ಕೇಳಿದರು. ಗಂಡ ಒಮ್ಮೆ ಬಾಯಿತಪ್ಪಿ ಅಂದಾಗ ಅವರತ್ತ ಸೌಟು ಎತ್ತಿದೆ. ಆದರೆ ಮರಿ ಉಣ್ಣತೊಡಗಿತು. ಕೋಳಿ, ಕಾಳು, ಮೊಸರನ್ನ, ಯಾವುದಕ್ಕೂ ತಕರಾರಿಲ್ಲ. ಆದರೂ ನಾನು ಭಾನುವಾರದವರೆಗೆ ಗಡಿಯಾರ ನೋಡುತ್ತ, ಅದರ ಹೊಟ್ಟೆ ಮುಟ್ಟಿ ನೋಡುತ್ತ ಸುತ್ತಿದ್ದೇ ಸುತ್ತಿದ್ದು.

ಭಾನುವಾರ ಆ ಹೆಂಗಸು ತಕ್ಕಡಿಯ ಚೀಲದೊಂದಿಗೆ ಬಂದರು. ತೂಕ ಆಮೇಲೆ, ಮೊದಲು ಅದು ತಿನ್ನುವುದನ್ನು ನೋಡಬೇಕು ಎಂದರು. ಬಟ್ಟಲಿಟ್ಟೆ. ಮರಿ ಓಡಿ ಬಂದು ಗಬಗಬ ತಿನ್ನತೊಡಗಿತು. ಹೆಂಗಸಿನ ಮುಖ ಅರಳಿತು. ನಾನು ತಡೆಯುವಷ್ಟರಲ್ಲಿ ಎರಡೂ ಕೈ ಜೋಡಿಸಿ, "ಅಚ್ಛಾ! ಅಚ್ಛಾ ಬಚ್ಚಾ!" ಎಂದುಬಿಟ್ಟರು.

ಮರಿ ಬೆಚ್ಚಿ ಸೋಫಾದ ಕೆಳಗೆ ಸೇರಿತು. ಆಕೆಯ ಮುಖದ ನಗು ಆರಿತು. "ಡರ್‍ತಾ ಹೈ," ಎಂದರು ನನ್ನತ್ತ ತಿರುಗಿ. "ಕೋಯೀ ಮಾರ್‍ತಾ ಹೈ ಇಸೇ?"

ಇದು ಹೆದರುತ್ತದೆ, ಯಾರಾದರೂ ಹೊಡೆಯುತ್ತಾರೆಯೇ ಎಂದು ಕೇಳುತ್ತಿದ್ದರು. ಹಕಾರ, ಮಂಡ್ಯ, ಫೋನು, ಪೇಪರು ಎಂದು ಹಿಂದಿಯಲ್ಲಿ ಹೇಳಲು ಹೋಗಿ ಎಲ್ಲವೂ ಕಲಸಿಹೋಯಿತು. ಆಕೆ ಕೈ ಚೀಲದೊಳಗೆ ಹಾಕಿದ್ದರು; ಮರಿಗೆ ಕಟ್ಟುವ ಹಗ್ಗದ ತುದಿ ಹೊರಗೆ ಕಂಡಿತು.

ಅಡುಗೆಮನೆಯಿಂದ ಅತ್ತೆ ಬಂದರು. "ಸುಮ್ಕಿರವ್ವ ನೀನು ಒಸಿ," ಎಂದರು ಬಂದವರಿಗೆ, ನೇರವಾಗಿ ಕನ್ನಡದಲ್ಲೇ. ಮಂಡಿ ಹಿಡಿದುಕೊಂಡು ನರಳುತ್ತ ನೆಲಕ್ಕೆ ಇಳಿದು, ಬಟ್ಟಲನ್ನು ಸೋಫಾದ ಅಂಚಿಗೆ ಸರಿಸಿದರು.

"ಬಾ ಮಗ, ಉಣ್ಣು. ಅದು ನಿಂಗಂದುದ್ದಲ್ಲ."

ಮೊದಲು ಮೂಗು ಬಂತು, ಆಮೇಲೆ ನೆಟ್ಟಗಿನ ಕಿವಿ. ಅತ್ತೆಯ ಕೈ ಅದರ ಬೆನ್ನ ಮೇಲಿತ್ತು. ಬಟ್ಟಲು ಖಾಲಿಯಾಗುವವರೆಗೆ ಮರಿ ತಲೆ ಎತ್ತಲಿಲ್ಲ.

ಆ ಹೆಂಗಸು ತಕ್ಕಡಿಯನ್ನು ಹೊರತೆಗೆಯಲೇ ಇಲ್ಲ. ಬಾಗಿಲಲ್ಲಿ ಅತ್ತೆಗೆ ಕೈಮುಗಿದು ಏನೋ ಹೇಳಿದರು. ಅತ್ತೆ ಲಿಫ್ಟಿನಲ್ಲಿ ಆಡಿಸುವ ಹಾಗೆ ತಲೆಯಾಡಿಸಿದರು.

"ಏನಂದ್ಲವ್ವ ಅವ್ಳು?" ಎಂದು ಕೇಳಿದರು, ಬಾಗಿಲು ಹಾಕಿದ ಮೇಲೆ.

"ಮರಿ ಇಲ್ಲೇ ಇರಲಿ ಅಂದರು ಅತ್ತೆ."

"ನಂಗ್ಯಾಕೆ ಯೋಳ್ತೀಯ, ಅದುಕ್ ಯೋಳು," ಎಂದರು ಅತ್ತೆ. "ಕನ್ನಡದಲ್ ಯೋಳು, ತಿಳೀತದೆ."