ಕ್ರಿಮಿ ಅತ್ತಿಗೆ ಮತ್ತು ಐದನೇ ಕಲಂ

ನಮ್ಮ ಅತ್ತಿಗೆಗೆ ‘ಕ್ರಿಮಿ ಅತ್ತಿಗೆ’ ಎಂದು ಹೆಸರಿಟ್ಟವನು ನಾನೇ. ಮದುವೆಯಾಗಿ ಬಂದ ಹೊಸತರಲ್ಲಿ ನೆಂಟರೆಲ್ಲ ಸುತ್ತುವರಿದು, ವಿದೇಶಾಂಗ ಇಲಾಖೆಯಲ್ಲಿ ನಿನಗೇನು ಕೆಲಸ ಎಂದು ಕೇಳಿದ್ದರು. ರೋಗಾಣುಗಳನ್ನು ಯುದ್ಧಕ್ಕೆ ಬಳಸಬಾರದೆಂದು ದೇಶಗಳೆಲ್ಲ ಸೇರಿ ಒಪ್ಪಂದ ಮಾಡಿಕೊಂಡಿವೆ, ಅದನ್ನು ಜಾರಿಗೆ ತರಲು ಸಣ್ಣಪುಟ್ಟ ದೇಶಗಳಿಗೆ ನೆರವಾಗುವುದು ನನ್ನ ಕೆಲಸ ಎಂದು ಆಕೆ ಪಾಪ ಶ್ರದ್ಧೆಯಿಂದ ವಿವರಿಸಿದರು. ಎಲ್ಲ ಕೇಳಿಸಿಕೊಂಡ ನಮ್ಮ ಸೋದರತ್ತೆ, “ಹಾಗಾದ್ರೆ ಮಗೂಗೆ ಶೀತ ಆಗಿದೆ, ಏನಾದ್ರೂ ಔಷಧಿ ಹೇಳಮ್ಮ” ಅಂದರು. ಅಲ್ಲಿಂದ ಆ ಹೆಸರು ಅಂಟಿಕೊಂಡಿತು.

ಆಕೆಯ ಕಚೇರಿ ಇರುವ ಬೀದಿಯ ತಿರುವಿನಲ್ಲೇ ನನ್ನ ಕನ್ನಡಕದ ಅಂಗಡಿ. ಕೆಲಸ ಮುಗಿಸಿ ಬಂದು, ಗಿರಾಕಿಗಳ ಕುರ್ಚಿಯಲ್ಲಿ ಕುಸಿದು, ಕನ್ನಡಕ ತೆಗೆದು ನನ್ನ ಕೈಗಿಟ್ಟು ಕಣ್ಣು ಮುಚ್ಚುತ್ತಾರೆ. ಮೂಗಿನ ಎರಡೂ ಬದಿಗೆ ಕೆಂಪು ಗುರುತು. ನಾನು ತಿರುಪು ಬಿಗಿ ಮಾಡುತ್ತ ಏನಾದರೂ ಕೆಣಕುತ್ತೇನೆ. ಅಣ್ಣ ಮಾತು ಕಡಿಮೆಯ ಮನುಷ್ಯ, ಮನೆಯಲ್ಲಿ ಅಡುಗೆ ಅವನದೇ. ಹಾಗಾಗಿ ಆಕೆಯ ಕಚೇರಿಯ ಗೋಳೆಲ್ಲ ನನ್ನ ಪಾಲಿಗೆ.

“ಒಪ್ಪಂದಕ್ಕೆ ಸಹಿ ಹಾಕೋದು ಮದುವೆ ಇದ್ದ ಹಾಗೆ ಕಣೋ,” ಅನ್ನುತ್ತಿದ್ದರು. “ಎಲ್ಲರೂ ಬರ್ತಾರೆ, ಫೋಟೋ ತೆಗೆಸ್ಕೊಳ್ತಾರೆ. ಆಮೇಲೆ ಸಂಸಾರ ಮಾಡೋರು ಯಾರು?”

ಸಂಸಾರ ಅಂದರೆ ಕಾನೂನು. ಸಹಿ ಹಾಕಿದ ದೇಶ ತನ್ನಲ್ಲೇ ಒಂದು ಕಾನೂನು ಮಾಡಬೇಕು. ಅಪಾಯದ ರೋಗಾಣು ಯಾರ ಬಳಿ ಇದೆ, ಯಾರು ಕಾಯಬೇಕು, ಯಾರಿಗೆ ಕೊಡಬಾರದು ಎಂದೆಲ್ಲ ಅದರಲ್ಲಿ ಬರೆಯಬೇಕು. ಅತ್ತಿಗೆ ಆ ದೇಶಗಳಿಗೆ ಹೋಗಿ ಕಾರ್ಯಾಗಾರ ನಡೆಸಿ, ಮಾದರಿ ಕಾನೂನಿನ ಕರಡು ಕೊಟ್ಟು ಬರುತ್ತಾರೆ. ಅಧಿಕಾರಿಗಳು ಟೀ ಹೊತ್ತಿಗೆ ಬಂದು, ಗುಂಪು ಫೋಟೋಗೆ ನಿಂತು, ಊಟದ ನಂತರ ಮಾಯವಾಗುತ್ತಾರೆ. ಹೇಗೋ ಒಬ್ಬನಿಗೆ ವಿಷಯ ತಲೆಗೆ ಹತ್ತಿತು ಅನ್ನುವಷ್ಟರಲ್ಲಿ ಅವನಿಗೆ ವರ್ಗ. ಬಂದ ಹೊಸಬನಿಗೆ ಮತ್ತೆ ಅಆಇಈಯಿಂದ ಶುರು. ಇದನ್ನೇ ವರ್ಷಾನುಗಟ್ಟಲೆ ಮಾಡಿ ಆಕೆ ಹಣ್ಣಾಗಿ ಹೋದರು. ನೋಡಿ ನೋಡಿ ನನಗೇ ರೋಸಿಹೋಗಿತ್ತು.

ಒಂದು ದೇಶದ ಮೇಲೆ ಮಾತ್ರ ಅತ್ತಿಗೆಗೆ ಜೀವ. ಎರಡು ಸರ್ಕಾರಗಳ ನಡುವಿನ ಒಡಂಬಡಿಕೆಯಂತೆ ಅಲ್ಲಿಗೆ ಆಕೆಯೇ ಅಧಿಕೃತ ಸಲಹೆಗಾರ್ತಿ. ಅಲ್ಲಿ ಒಬ್ಬಳು ಪಶುವೈದ್ಯೆ ಇದ್ದಳು. ಅತ್ತಿಗೆ ಅವಳನ್ನು ‘ದನದ ಡಾಕ್ಟ್ರು’ ಅನ್ನುತ್ತಿದ್ದರು. ಬಣ್ಣ ಕಿತ್ತ ಸರ್ಕಾರಿ ಪ್ರಯೋಗಾಲಯದ ಕೊನೆಯ ಕೋಣೆಯಲ್ಲಿ, ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಬಂದು ಸತ್ತ ದನಗಳಿಂದ ತೆಗೆದ ರೋಗಾಣುಗಳನ್ನು ಶೀಶೆಗಳಲ್ಲಿ ಕಾಪಾಡಿಕೊಂಡು ಬಂದವಳು ಅವಳು. ಎಲ್ಲಾದರೂ ರೋಗ ಎದ್ದರೆ ಹೋಲಿಸಿ ನೋಡಲು ಅವು ಬೇಕು. ಅವಳ ನೌಕರಿಯ ದುಡಿಮೆಯೆಲ್ಲ ಆ ಫ್ರೀಜರಿನಲ್ಲಿತ್ತು. ಮನುಷ್ಯರನ್ನೂ ಕೊಲ್ಲುವ ರೋಗ ಅದು.

ಈಚೆಗೆ ಮೇಲಿನವರೊಬ್ಬರು ಅವಳಿಗೆ ಫೋನು ಮಾಡತೊಡಗಿದ್ದರು. ನಮಗೆ ಬೇಕಾದವರೊಬ್ಬರು ಬರುತ್ತಾರೆ, ನಾಲ್ಕು ಶೀಶೆ ಕೊಟ್ಟು ಕಳಿಸು, ಕಾಗದಪತ್ರ ಏನೂ ಬೇಡ ಎಂದು. ಇವಳು ಕರೆಂಟಿಲ್ಲ, ಬೀಗದ ಕೈ ಸಿಗುತ್ತಿಲ್ಲ ಎಂದು ದಿನ ದೂಡುತ್ತಿದ್ದಳು.

“ಕಾನೂನು ಅಂತ ಒಂದಿದ್ರೆ ಇಲ್ಲ ಅನ್ನೋಳು ನಾನಾಗಿರಲ್ಲ, ಕಾನೂನು ಆಗಿರತ್ತೆ. ಬೇಗ ಮಾಡಿಸ್ಕೊಡಿ,” ಎಂದು ಅತ್ತಿಗೆಗೆ ಗೋಗರೆದಿದ್ದಳು.

ಅತ್ತಿಗೆ ಬಿಡಲಿಲ್ಲ. ಮಂತ್ರಿಗಳ ಕಾರ್ಯದರ್ಶಿಗಳ ಬೆನ್ನುಬಿದ್ದರು. ಅಂತೂ ಅಲ್ಲಿನ ಸಂಸತ್ತಿನಲ್ಲಿ ಕಾನೂನು ಪಾಸಾಯಿತು. ಅಂದು ಸಂಜೆ ಅಂಗಡಿಗೆ ಬಂದವರು ಕಣ್ಣು ಮುಚ್ಚಲಿಲ್ಲ, ಹೊಸ ಫ್ರೇಮು ತೋರಿಸು ಅಂದರು. ಅಷ್ಟು ಖುಷಿಯಲ್ಲಿ ನಾನು ಆಕೆಯನ್ನು ನೋಡಿರಲಿಲ್ಲ.

ಕಾನೂನಿನ ಅಚ್ಚಾದ ಪ್ರತಿ ಬಂದದ್ದು ಆಮೇಲೆ. ನನ್ನ ಗಾಜಿನ ಮೇಜಿನ ಮೇಲೇ ಅದನ್ನು ಹರಡಿಕೊಂಡು ಓದುತ್ತಿದ್ದರು. ಐದನೇ ಕಲಮಿನಲ್ಲಿ ಬೆರಳು ನಿಂತಿತು. “ಇದನ್ನ ಜೋರಾಗಿ ಓದು,” ಅಂದರು. ನಾನು ಓದಿದೆ. “ಅಪಾಯಕಾರಿ ರೋಗಾಣುಗಳನ್ನು ಅನುಮತಿಯಿಲ್ಲದೆ ಯಾರಿಗೂ ಕೊಡಬಾರದು, ನಾಶಪಡಿಸಲೂಬಾರದು. ಅನುಮತಿ ನೀಡುವ ಅಧಿಕಾರಿ: ಇಲ್ಲಿ ನಿಮ್ಮ ಇಲಾಖೆಯ ಹೆಸರು ಬರೆಯಿರಿ.”

ಅದು ಅತ್ತಿಗೆಯ ಕರಡಿನಲ್ಲಿದ್ದ ಸೂಚನೆ. ಇದ್ದ ಹಾಗೇ ಅಚ್ಚಾಗಿ, ಸಂಸತ್ತಿನಲ್ಲಿ ಮಂಡನೆಯಾಗಿ, ಎಲ್ಲರೂ ಕೈಯೆತ್ತಿ ಒಪ್ಪಿ, ಕಾನೂನಾಗಿ ಕೂತಿತ್ತು. ಆಮೇಲೆ ವಿಚಾರಿಸಿದರೆ, ಆರೋಗ್ಯ ಇಲಾಖೆಗೂ ಪಶು ಇಲಾಖೆಗೂ ಆ ಅಧಿಕಾರ ಯಾರದೆಂದು ಜಗಳವಂತೆ. ಮುಂದೆ ಯಾರಾದರೂ ತುಂಬಲಿ ಎಂದು ಇವರು ಬಿಟ್ಟರು, ಅವರೂ ಬಿಟ್ಟರು. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಅತ್ತಿಗೆಯ ಮುಖ ನೋಡಿ ನಗು ನಿಲ್ಲಿಸಿದೆ.

ತಿದ್ದುಪಡಿಗೆ ಅಲ್ಲಿನ ಮುಂದಿನ ಅಧಿವೇಶನದವರೆಗೆ ಕಾಯಬೇಕು. ಒಮ್ಮೆ ಹೋಗಿ ಬರುತ್ತೇನೆ ಎಂದು ಅತ್ತಿಗೆ ಕೇಳಿದಾಗ ಆಕೆಯ ಸಾಹೇಬರು, “ಕಾನೂನು ಆಯ್ತಲ್ಲ ಮೇಡಂ, ಇನ್ನೇನು? ಮುಂದಿನ ದೇಶ ನೋಡಿ,” ಅಂದರಂತೆ. ಇಂಥ ಸಾಹೇಬರು ನನ್ನ ಅಂಗಡಿಗೆ ಬಂದರೆ ಹಿಂದುಮುಂದು ನೋಡದೆ ದಪ್ಪ ಗಾಜು ಹಾಕಿ ಕಳಿಸುತ್ತೇನೆ.

ಅದಾಗಿ ಸ್ವಲ್ಪ ದಿನಕ್ಕೆ, ನಾವು ಊಟಕ್ಕೆ ತಟ್ಟೆ ಇಡುವ ಹೊತ್ತಿಗೆ, ದನದ ಡಾಕ್ಟ್ರ ಫೋನು ಬಂತು. ಅತ್ತಿಗೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

“ಆ ಶೀಶೆ ಬೇಕು ಅಂದೋರು ಬಂದಿದ್ರು, ಫೋನು ಮಾಡ್ತಿದ್ದ ಮೇಲಿನೋರನ್ನ ಜೊತೆಗೇ ಕರ್ಕೊಂಡು,” ಅಂದಳು. ಧ್ವನಿ ಬತ್ತಿಹೋಗಿತ್ತು. “ಕಾನೂನು ತೋರಿಸ್ದೆ. ಓದಿ ನಕ್ರು. ಇಲ್ಲಿ ಯಾರ ಹೆಸರೂ ಇಲ್ಲ, ಯಾರನ್ನಮ್ಮ ಅನುಮತಿ ಕೇಳೋದು ಅಂದ್ರು. ಕೇಳೋಕೆ ಯಾರೂ ಇಲ್ಲ ಅಂದ್ರೆ ಕೊಡೋಕೂ ಆಗಲ್ಲ ಅಂದೆ.”

“ಸರಿಯಾಗೇ ಹೇಳಿದ್ರಿ!” ಅಂದರು ಅತ್ತಿಗೆ.

“ನಾಳೆ ನಿನ್ನ ಜಾಗಕ್ಕೆ ಬೇರೆಯವರನ್ನ ಹಾಕ್ತೀವಿ, ಅವರು ಕೊಡ್ತಾರೆ ಅಂದು ಹೋದ್ರು. ಅವರು ಹೋದ ಮೇಲೆ ಎಲ್ಲಾ ಶೀಶೆನೂ ರೋಗಾಣು ಸಾಯ್ಸೋ ಹಬೆ ಯಂತ್ರಕ್ಕೆ ಹಾಕ್ಬಿಟ್ಟೆ ಮೇಡಂ. ಒಂದೂ ಉಳಿಸ್ಲಿಲ್ಲ.”

ಅಣ್ಣ ಒಲೆ ಆರಿಸಿದ.

“ಈಗ ಸರ್ಕಾರಿ ಆಸ್ತಿ ನಾಶ ಮಾಡಿದೆ ಅಂತ ವಿಚಾರಣೆ. ಜೈಲಿಗೂ ಹಾಕಬಹುದಂತೆ. ಮೊದಲನೇ ಪ್ರಶ್ನೆನೇ, ಯಾರನ್ನ ಕೇಳಿ ಮಾಡಿದೆ ಅಂತ. ಏನು ಹೇಳ್ಲಿ ಮೇಡಂ?”

ಅತ್ತಿಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಾನೇ ಬರೆದ ಕಾನೂನು. ನಾಶಪಡಿಸಲೂ ಅನುಮತಿ ಬೇಕೆಂದು ಪಟ್ಟು ಹಿಡಿದು ಸೇರಿಸಿದ್ದೂ ತಾನೇ.

“ನನ್ನನ್ನ ಕೇಳಿ ಮಾಡಿದೆ ಅನ್ನಿ,” ಅಂದರು.

“ಮೇಡಂ…”

“ನಿಮ್ಮ ಸರ್ಕಾರವೇ ಒಪ್ಪಿದ ಸಲಹೆಗಾರ್ತಿ ನಾನು. ಅಪಾಯ ಇದೆ, ನಾಶ ಮಾಡಿ ಅಂತ ನಾನೇ ಹೇಳಿದ್ದು. ಈಗಲೇ ಬರೆದು ಕಳಿಸ್ತೀನಿ.”

ಫೋನಿಟ್ಟ ಮೇಲೆ ನನಗೆ ತಡೆಯಲಾಗಲಿಲ್ಲ. “ಅತ್ತಿಗೆ, ನಿಮಗೇನು ತಲೆ ಕೆಟ್ಟಿದೆಯಾ? ಬೇರೆ ದೇಶದ ವಿಚಾರಕ್ಕೆ ತಲೆ ಹಾಕಿದ್ದಾರೆ ಅಂತ ನಿಮ್ಮನ್ನೇ ಮನೆಗೆ ಕಳಿಸ್ತಾರೆ!”

ಅತ್ತಿಗೆ ಲ್ಯಾಪ್‌ಟಾಪ್ ತೆರೆದು ಬರೆಯತೊಡಗಿದರು. ಕೆಳಗೆ ತಮ್ಮ ಪೂರ್ತಿ ಹೆಸರು, ಹುದ್ದೆ, ಇಲಾಖೆ ಎಲ್ಲ ಬರೆದರು. ಒಂದು ಅಕ್ಷರವನ್ನೂ ಮೊಟಕುಮಾಡಲಿಲ್ಲ.

“ಮೊದಲು ಊಟ ಮಾಡು,” ಅಂದ ಅಣ್ಣ. “ಆಮೇಲೆ ಕಳಿಸಿದ್ರಾಯ್ತು.”

“ಊಟ ಆದ್ಮೇಲೆ ಧೈರ್ಯ ಇರಲ್ಲ ಕಣ್ರೀ.”

ಅಣ್ಣ ಆಕೆಯ ಪಕ್ಕದ ಕುರ್ಚಿ ಎಳೆದುಕೊಂಡು ಕೂತ. “ಹಾಗಾದ್ರೆ ಕಳಿಸು,” ಅಂದ.