ಚಿಕ್ಕಪ್ಪನ ಒಪ್ಪಿಗೆ

ಹೋದ ವರ್ಷ ಆಗಸ್ಟ್ ತಿಂಗಳ ಮೊದಲ ಮಂಗಳವಾರ ನಾನು, ಚಿಕ್ಕಪ್ಪ, ಚಿಕ್ಕಮ್ಮ ಹರಿಹರದಿಂದ ಬಸ್ಸು ಹತ್ತಿ ದಾವಣಗೆರೆಯ ಆಸ್ಪತ್ರೆಗೆ ಹೋದೆವು. ಕ್ಯಾನ್ಸರ್ ಬಂದು ಚಿಕ್ಕಮ್ಮನ ಎಡ ಸ್ತನ ತೆಗೆದು ಎರಡು ವರ್ಷವಾಗಿತ್ತು. ಆ ಜಾಗದಲ್ಲಿ ಸಿಲಿಕೋನಿನ ಇಂಪ್ಲಾಂಟ್ ಕೂರಿಸಬಹುದೆಂದು ಚಿಕ್ಕಪ್ಪ ಯಾರಿಂದಲೋ ಕೇಳಿಕೊಂಡು ಬಂದು, ಬಂದವರೇ ಎಲ್ಲರ ಅಭಿಪ್ರಾಯ ಪಡೆದರು. ಅವರ ಅಕ್ಕ ಆಗಲಿ ಅಂದರು, ನಮ್ಮಮ್ಮ ಆಗಲಿ ಅಂದಳು, ಪಕ್ಕದ ಮನೆಯ ನಿವೃತ್ತ ಮೇಷ್ಟ್ರೂ ಆಗಲಿ ಅಂದರು. ಚಿಕ್ಕಮ್ಮನನ್ನು ಕೇಳುವುದೊಂದು ಉಳಿದುಹೋಗಿತ್ತು.

ನಮ್ಮ ಮನೆಗಳಲ್ಲಿ ಹೆಂಗಸರನ್ನು ಆಸ್ಪತ್ರೆಗೆ ಕರೆದೊಯ್ದರೆ ಮಾತಾಡುವವರು ಗಂಡಸರು. ಡಾಕ್ಟರು ಹೆಂಗಸೇ. ಅವರು ಚಿಕ್ಕಮ್ಮನನ್ನು ನಿದ್ದೆ ಹೇಗೆ ಬರುತ್ತದೆ ಎಂದು ಕೇಳಿದರೆ ಚಿಕ್ಕಪ್ಪ ಚೆನ್ನಾಗಿ ಬರುತ್ತದೆ ಎಂದರು. ಡೈರಿಯಲ್ಲಿ ನಾನು ಬರೆದುಕೊಂಡ ಪ್ರಕಾರ ಡಾಕ್ಟರು ಕೇಳಿದ್ದು ಒಂಬತ್ತು ಪ್ರಶ್ನೆ, ಚಿಕ್ಕಪ್ಪ ಉತ್ತರಿಸಿದ್ದು ಒಂಬತ್ತು. ಕೊನೆಯದು, ತೋಳು ಎತ್ತಿದರೆ ನೋವಾಗುತ್ತದೆಯೇ ಎಂಬುದು. "ಏನಿಲ್ರಿ" ಅಂದರು ಚಿಕ್ಕಪ್ಪ. ಡಾಕ್ಟರು ಪೆನ್ನು ಕೆಳಗಿಟ್ಟು, "ಎಲ್ಲಿ, ಎತ್ರಿ ನೋಡಾಣ" ಎಂದರು. ಚಿಕ್ಕಪ್ಪ ನಿಜಕ್ಕೂ ತಮ್ಮ ತೋಳು ಎತ್ತಿದರು.

ನರ್ಸ್ ಒಪ್ಪಿಗೆ ಪತ್ರ ತಂದಿಟ್ಟಾಗ ಚಿಕ್ಕಪ್ಪ, ಗ್ಯಾಸ್ ಪುಸ್ತಕಕ್ಕೆ ಹಾಕುವಷ್ಟೇ ಸಲೀಸಾಗಿ ಚಿಕ್ಕಮ್ಮನ ಹೆಸರಿನ ಮುಂದೆ ತಾವೇ ಸಹಿ ಹಾಕಿಬಿಟ್ಟರು. ಡಾಕ್ಟರು ಅದಕ್ಕೆ ಅಡ್ಡಗೆರೆ ಎಳೆದರು.

"ಯಜಮಾನ್ರೇ, ನೀವು ಹೊರಗೆ ಕೂಡ್ರಿ. ಕಾನೂನು ಹಂಗೈತೆ. ಮೈ ಅವರದು, ಒಪ್ಪಿಗೇನೂ ಅವರದೇ. ಅದೂ ಎಲ್ಲಾ ತಿಳ್ಕಂಡ ಮೇಲೆ."

ನಾನೂ ಎದ್ದೆ. ಚಿಕ್ಕಮ್ಮ, ಇವಳು ಇರಲಿ, ನನಗೆ ಮರೆತದ್ದನ್ನು ಬರೆದಿಟ್ಟಿರುತ್ತಾಳೆ ಎಂದಳು. ಡಾಕ್ಟರು ನಿಧಾನವಾಗಿ ಹೇಳುತ್ತಾ ಹೋದರು. ಇಂಪ್ಲಾಂಟ್ ಜೀವನಪೂರ್ತಿ ಬಾಳುತ್ತದೆಂಬ ಖಾತ್ರಿಯಿಲ್ಲ. ಸುತ್ತಲ ಜಾಗ ಗಟ್ಟಿಯಾಗಬಹುದು. ಇಂಪ್ಲಾಂಟ್ ಒಳಗೊಳಗೇ ಹರಿದರೆ ಸ್ಕ್ಯಾನ್ ಮಾಡಿದಾಗಲೇ ತಿಳಿಯಬಹುದು, ಆಗ ಮತ್ತೊಂದು ಆಪರೇಷನ್. ಮುಟ್ಟಿದರೆ ಮೊದಲಿನಂತೆ ಸ್ಪರ್ಶ ತಿಳಿಯುವುದಿಲ್ಲ. ಆದರೂ ಇದರಿಂದ ಸಂತೋಷಪಟ್ಟವರು ಬಹಳ ಮಂದಿ ಇದ್ದಾರೆ. ಇಷ್ಟಾದ ಮೇಲೆ ಅದನ್ನೆಲ್ಲ ಚಿಕ್ಕಮ್ಮನ ಬಾಯಲ್ಲೇ ತಿರುಗಿ ಹೇಳಿಸಿದರು. ಅವಳು ಒಂದನ್ನೂ ಬಿಡದೆ ಹೇಳಿ, ಕೊನೆಗೆ ತನ್ನದೊಂದು ಸೇರಿಸಿದಳು.

"ಮಾಡಿಸ್ದೇ ಹೋದ್ರೆ ಏನಾಗ್ತೈತ್ರಿ?"

"ಏನೂ ಆಗಲ್ಲ. ಬ್ಯಾಡ ಅನ್ನೋದೂ ಒಂದು ಉತ್ತರನೇ."

ಚಿಕ್ಕಮ್ಮ ನನ್ನ ಕಡೆ ನೋಡಿದಳು. ಇಷ್ಟು ದಿನ ನಮ್ಮ ಮನೆಯಲ್ಲಿ ನಡೆದ ಚರ್ಚೆಯಲ್ಲಿ ಈ ಸಂಗತಿಯೇ ಬಂದಿರಲಿಲ್ಲ. ಆ ಜಾಗಕ್ಕೆ ಈಗ ಏನು ಬಳಸುತ್ತೀರಿ ಎಂದು ಡಾಕ್ಟರು ಕೇಳಿದಾಗ, ಹತ್ತಿ ಬಟ್ಟೆಯ ಚೀಲ ಹೊಲಿದು, ತೂಕಕ್ಕೆ ನವಣೆ ತುಂಬಿಕೊಂಡಿದ್ದೇನೆ ಎಂದಳು. ಇರುವೆ ಬರುವುದಿಲ್ಲವೇ ಎಂದು ಡಾಕ್ಟರು ನಕ್ಕರು. ಬಂದರೆ ನನಗೇ ಮೊದಲು ಗೊತ್ತಾಗುತ್ತದೆ ಎಂದಳು ಚಿಕ್ಕಮ್ಮ.

ಮನೆಗೆ ಹೋಗಿ ಒಂದು ವಾರ ಯೋಚಿಸಿ ಬನ್ನಿ ಎಂದರು ಡಾಕ್ಟರು.

"ಎರಡು ವರ್ಷದಿಂದ ಯೋಚ್ನೆ ಮಾಡೀನ್ರಿ. ಕೇಳೋರು ಇರಲಿಲ್ಲ. ಇನ್ನೊಮ್ಮೆ ಕೊಯ್ಸಿಕೊಳ್ಳೋದು ಬ್ಯಾಡ್ರಿ."

ಹೊರಗೆ ಚಿಕ್ಕಪ್ಪ ಆಪರೇಷನ್ ನಿಗದಿಯಾಯಿತೆಂದು ಅಕ್ಕನಿಗೆ ಫೋನು ಮಾಡಿ ಮುಗಿಸಿದ್ದರು. ವಿಷಯ ಕೇಳಿ ಪೆಚ್ಚಾದರು.

"ಅಲ್ಲ, ಎಲ್ರೂ ಒಪ್ಪಿದ್ರಲ್ಲೇ."

"ಒಪ್ಪಿದೋರೆಲ್ಲ ಹಾಕಿಸ್ಕೊಳ್ರಿ. ಮೊದ್ಲು ಮೇಷ್ಟ್ರನ್ನ ಕರ್ಕಂಡು ಬರ್ರಿ."

ಚಿಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಮಾತ್ರ ತಗ್ಗಿದ ದನಿಯಲ್ಲಿ, ನೀನು ಒಳಗಿಟ್ಟುಕೊಳ್ಳುವ ಆ ಬಟ್ಟೆ ಚೀಲ ಸೆಕೆಗಾಲದಲ್ಲಿ ಚುಚ್ಚುವುದಿಲ್ಲವೇ ಎಂದು ಕೇಳಿದರು. ಚಿಕ್ಕಮ್ಮ ಹೇಳತೊಡಗಿದಳು. ಹರಿಹರ ಬರುವವರೆಗೂ ಅವರು ನಡುವೆ ಬಾಯಿ ಹಾಕಲಿಲ್ಲ. ತಾರಸಿಯಲ್ಲಿ ಅವಳು ಆಗಾಗ ಬಿಸಿಲಿಗೆ ಹರವುತ್ತಿದ್ದ ಒಂದೆರಡು ಹಿಡಿ ನವಣೆ ಯಾತಕ್ಕೆಂಬುದು, ಅದಕ್ಕೆ ಗುಬ್ಬಿ ಮುತ್ತದಂತೆ ಕಾಯುತ್ತ ಕೂತಿರುತ್ತಿದ್ದ ಚಿಕ್ಕಪ್ಪನಿಗೆ ಗೊತ್ತಾದದ್ದು ಆವತ್ತೇ.