ಕದ ಮುಚ್ಚಿದ ಹೊತ್ತಿನ ಮೂರು ಚಿತ್ರ

ಸೊಸೆಯ ಹಣೆಯ ಸ್ಟಿಕ್ಕರ್ ಬೊಟ್ಟು ಎಡಕ್ಕೆ ಒಂದು ಎಳ್ಳಿನಷ್ಟು ಸರಿದಿತ್ತು. ಚಿತ್ರದ ತುಂಬ ಅವಳ ಮುಖವೇ. ಕಣ್ಣು ಕಿರಿದು ಮಾಡಿ, ಉಗುರಿನ ತುದಿಯಿಂದ ಅದನ್ನು ನಡುವಿಗೆ ತಳ್ಳುತ್ತಿದ್ದಾಳೆ. ಅವಳ ಕಿವಿಯ ಹಿಂದೆ ಚೂರೇ ಚೂರು ಕಾಣುವ ನಡುಮನೆ ಬಿಸಿಲಿಗೆ ಸುಟ್ಟ ಹಾಗೆ ಬೆಳ್ಳಗಿದೆ.

ನಂದಗುಡಿಯಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಮನೆ ಅದು. ಹೊಸ ರಸ್ತೆಗಾಗಿ ಕೆಡವಲಿರುವ ಮನೆಗಳಲ್ಲಿ ಅದೂ ಒಂದು. ನಾನು ಕೆಲಸ ಮಾಡುವ ಸಣ್ಣ ಸುದ್ದಿ ತಾಣಕ್ಕೆ ಆ ರಸ್ತೆಯ ಕಥೆ ಬೇಕಿತ್ತು. ಜೆಸಿಬಿ, ಧೂಳು, ಅಳುವ ಮುಖ, ಇವನ್ನು ಎಲ್ಲರೂ ತೋರಿಸಿ ಆಗಿತ್ತು. ಒಂದು ಮನೆ ಒಳಗಿನಿಂದ ಹೇಗೆ ಖಾಲಿಯಾಗುತ್ತದೆ ಎಂಬುದನ್ನು ತೋರಿಸೋಣ ಎಂದೆ. ನಡುಮನೆಯ ಕಂಬಕ್ಕೆ ನನ್ನ ಹಳೆಯ ಕ್ಯಾಮೆರಾ ಬಿಗಿದೆ. ಹತ್ತು ನಿಮಿಷಕ್ಕೊಂದು ಚಿತ್ರ, ತಾನಾಗೇ. ವಾರಕ್ಕೊಮ್ಮೆ ಹೊಸಕೋಟೆಯ ನನ್ನ ಬಾಡಿಗೆ ರೂಮಿನಿಂದ ಸ್ಕೂಟರಿನಲ್ಲಿ ಹೋಗಿ ಕಾರ್ಡು ಬದಲಿಸಿ ಬರುವುದು. ಕೊನೆಗೆ ಎಲ್ಲವನ್ನೂ ಜೋಡಿಸಿ ಓಡಿಸಿದರೆ ತಿಂಗಳುಗಳು ಮೂರು ನಿಮಿಷದಲ್ಲಿ ಕಳೆಯುತ್ತವೆ.

ಮನೆಯ ಯಜಮಾನಿಗೆ ಅರವತ್ತು ದಾಟಿರಬೇಕು. ನಾನು ಅಮ್ಮ ಎನ್ನುತ್ತಿದ್ದೆ. ಕ್ಯಾಮೆರಾ ಕಟ್ಟಿದ ದಿನ ಅವರು ಸೊಂಟಕ್ಕೆ ಕೈ ಕೊಟ್ಟು ನೋಡಿದರು.

"ಏನ್ ಕಣವ್ವಾ, ನಾನೊಂದ್ ತುತ್ತು ಜಾಸ್ತಿ ಉಂಡ್ರೂ ಬೆಂಗ್ಳೂರ್ ತನಕ ಗೊತ್ತಾಗ್ತದಾ?"

"ಬೆಂಗ್ಳೂರ್ ಯಾಕತ್ತೆ, ಅಮೆರಿಕಾ ತನಕ," ಎಂದಳು ಸೊಸೆ ಅಡುಗೆಮನೆಯಿಂದ. "ಬಾಡು ಹೆಚ್ಗೆ ಹಾಕ್ಕಳೋದ್ನೂ ತೋರಿಸ್ತದೆ ಅದು."

ಸೊಸೆ ಬೇಗ ಒಗ್ಗಿಕೊಂಡಳು. ಡೈರಿಗೆ ಹಾಲು ಹಾಕಲು ಹೊರಡುವಾಗಲೆಲ್ಲ ಕ್ಯಾಮೆರಾದ ಗಾಜಿನಲ್ಲಿ ಮುಖ ನೋಡಿಕೊಂಡು ಹೋಗುವಳು. ಅದರಿಂದ ನನಗೊಂದು ತೊಂದರೆ. ಕ್ಯಾಮೆರಾ ಚಿತ್ರ ತೆಗೆಯುವ ಮುಂಚಿನ ಕ್ಷಣದಲ್ಲಿ ಕೋಣೆಯ ಬೆಳಕನ್ನು ಅಳೆಯುತ್ತದೆ. ಯಾರಾದರೂ ಗಾಜಿಗೆ ಮುಖ ಒಡ್ಡಿದರೆ ಕೋಣೆ ಕತ್ತಲಾಯಿತು ಎಂದುಕೊಂಡು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಅಳೆದಾಗ ಇದ್ದವರು ತೆಗೆಯುವಾಗ ಸರಿದುಬಿಟ್ಟರೆ ಚಿತ್ರದಲ್ಲಿ ಯಾರೂ ಇರುವುದಿಲ್ಲ, ಖಾಲಿ ಕೋಣೆ ಮಾತ್ರ ಫಳಕ್ಕನೆ ಬೆಳ್ಳಗಾಗಿರುತ್ತದೆ. ಎಲ್ಲವನ್ನೂ ಜೋಡಿಸಿದಾಗ ಅಂಥ ಕಡೆ ಪರದೆ ಒಮ್ಮೆ ಮಿಂಚಿ ಸುಮ್ಮನಾಗುತ್ತದೆ. ಸೊಸೆಯ ಮಿಂಚುಗಳನ್ನೆಲ್ಲ ನಾನು ಒಂದೊಂದಾಗಿ ಹುಡುಕಿ ತೆಗೆಯುತ್ತಿದ್ದೆ.

ಆ ಮನೆಯನ್ನು ಹಾಗೆ ಓಡಿಸಿ ನೋಡುವುದು ನನಗೆ ಹಿತವಾಗಿರಲಿಲ್ಲ. ಹೆಂಚಿನ ಸಂದಿಯ ಗಾಜಿನಿಂದ ಬಿದ್ದ ಬಿಸಿಲು ನೆಲದ ಮೇಲೆ ನಾಲ್ಕು ಕಾಲಿನ ಪ್ರಾಣಿಯ ಹಾಗೆ ಗೋಡೆಯಿಂದ ಗೋಡೆಗೆ ನಡೆದು ಮಾಯವಾಗುತ್ತದೆ, ಮತ್ತೆ ಅದೇ ಮೂಲೆಯಿಂದ ಬರುತ್ತದೆ. ರಾಗಿ ಮೂಟೆಗಳು ಮುಟ್ಟುವವರಿಲ್ಲದೆ ಕುಗ್ಗುತ್ತವೆ. ಮಂಚ ಇದ್ದಕ್ಕಿದ್ದಂತೆ ಇರುವುದಿಲ್ಲ. ಓಡಾಡುವ ಮನುಷ್ಯರು ಬರೀ ಕಲೆಗಳು. ಉಳಿಯುವುದು ಅಲುಗದೆ ಕೂತವರು ಮಾತ್ರ. ಮಧ್ಯಾಹ್ನದ ಹೊತ್ತು ಅಮ್ಮ ಗೋಡೆಗೆ ಒರಗಿ ಕೂತಿರುತ್ತಿದ್ದರು, ಸುತ್ತ ಮನೆಯೆಲ್ಲ ನಡುಗುತ್ತ ಕರಗುತ್ತಿದ್ದರೂ ಅವರೊಬ್ಬರು ಹಾಗೇ. ಅವರು ನೇರ ಕ್ಯಾಮೆರಾವನ್ನೇ ನೋಡುತ್ತಿದ್ದಾರೆ ಎಂಬುದನ್ನು ನಾನು ಬಹಳ ತಡವಾಗಿ ಗಮನಿಸಿದೆ.

ಪಿತೃಪಕ್ಷ ಬಂತು. ಆ ಮನೆಯಲ್ಲಿ ಹಿರಿಯರಿಗೆ ಇಡುವ ಕೊನೆಯ ಎಡೆ. ಹೊಸಕೋಟೆ ಪಕ್ಕದ ಲೇಔಟಿನಲ್ಲಿ ಕಟ್ಟಿಸಿದ್ದ ಮನೆಗೆ ಶ್ರಾವಣದಲ್ಲೇ ಹಾಲುಕ್ಕಿಸಿದ್ದರು. ಹಬ್ಬ ಮುಗಿದ ಮೇಲೆ ಉಳಿದ ಸಾಮಾನು ಸಾಗಿಸುವುದು, ಆಮೇಲೆ ಈ ಮನೆಗೆ ಯಂತ್ರ ಬರುವುದು. ಊಟಕ್ಕೆ ಬರಲೇಬೇಕು ಎಂದು ಅಮ್ಮ ನನಗೂ ಹೇಳಿ ಕಳಿಸಿದ್ದರು.

ನಡುಮನೆಯಲ್ಲಿ ಗೋಡೆಯ ಪಕ್ಕ ಬಾಳೆಲೆಗಳು. ಯಜಮಾನರ ಪಟದ ಮುಂದೆ ಮುದ್ದೆ, ಬಾಡಿನ ಸಾರು, ಒಂದು ಕಟ್ಟು ಬೀಡಿ, ಮಡಿಸಿಟ್ಟ ಹೊಸ ಪಂಚೆ. ಅದರ ಪಕ್ಕ ಪಟವಿಲ್ಲದ ಇನ್ನೊಂದು ಸಣ್ಣ ಎಲೆ: ಕೋಡುಬಳೆ, ಕಜ್ಜಾಯ, ಹಸಿರು ಗಾಜಿನ ಬಳೆ, ಒಂದು ಲಂಗದ ಬಟ್ಟೆ.

"ಇದು ಮಗಳಿಗೆ," ಎಂದರು ಅಮ್ಮ. ಪಿಯುಸಿ ಓದುವಾಗ ಕಾಮಾಲೆ ಬಂದು ಇದೇ ನಡುಮನೆಯಲ್ಲಿ ಹೋದಳಂತೆ. ನಾನು ಅಷ್ಟು ತಿಂಗಳು ಹೋಗಿ ಬಂದರೂ ಆ ವಿಷಯ ಯಾರೂ ಎತ್ತಿರಲಿಲ್ಲ.

"ನಿಮ್ಮನೇಲಿ ಯಾರಿಗ್ ಇಡ್ತೀರವ್ವಾ?"

"ಅಪ್ಪನಿಗೆ," ಎಂದೆ. ಅವರು ಮುಂದೆ ಕೇಳಲಿಲ್ಲ. ಅದಕ್ಕೆ ಅವರ ಮೇಲೆ ನನಗೆ ಗೌರವ.

ಧೂಪ ಹಾಕಿ, ಎಲ್ಲರೂ ಅಡ್ಡಬಿದ್ದು ಆದ ಮೇಲೆ ಕದ ಮುಚ್ಚಿ ಹೊರಗೆ ಬರಬೇಕು. ಹಿರಿಯರು ಬಂದು ಉಣ್ಣುವ ಹೊತ್ತು ಅದು, ಮನೆಯವರ ಕಣ್ಣು ಒಳಗೆ ಬೀಳಬಾರದು. ಕಿಟಕಿಗಳನ್ನೂ ಹಾಕಿ, ಹೆಂಚಿನ ಗಾಜಿನ ಮೇಲೂ ಗೋಣಿ ಹೊದಿಸಿದ್ದರು. ಒಂದಷ್ಟು ಹೊತ್ತಾದ ಮೇಲೆ ಮನೆಯ ಹಿರಿಯರು ಕದ ತಟ್ಟಿ, ಕೆಮ್ಮಿ, ಆಮೇಲೆ ತೆಗೆಯುತ್ತಾರೆ. ನಮ್ಮ ಮನೆಯಲ್ಲೂ ಹೀಗೇ. ನಾನು ಕ್ಯಾಮೆರಾ ಆರಿಸಲು ಕಂಬದ ಹತ್ತಿರ ಹೋದೆ. ಅಮ್ಮ ನನ್ನ ಮಣಿಕಟ್ಟು ಹಿಡಿದರು.

"ಇರ್ಲಿ ಬಿಡು."

"ನೋಡಬಾರದಲ್ವಾ ಅಮ್ಮ?"

"ಕಣ್ಣು ನೋಡ್ಬಾರ್ದು. ಅದೇನ್ ಕಣ್ಣಾ?"

ಮಗ, ಸೊಸೆ ಆಗಲೇ ಜಗಲಿಗೆ ಹೋಗಿದ್ದರು. ಅಮ್ಮ ದನಿ ತಗ್ಗಿಸಿದರು. ಕ್ಯಾಮೆರಾದ ಮೇಲೆ ಕಂಬದಲ್ಲಿ ಒಂದು ತುಕ್ಕು ಹಿಡಿದ ಮೊಳೆ ಇತ್ತು. ಅದನ್ನು ಬೆರಳಿನಿಂದ ಮುಟ್ಟಿದರು.

"ಅವ್ಳ ಕನ್ನಡಿ ಇಲ್ಲೇ ಇದ್ದಿದ್ದು. ಕನ್ನಡಿ ಪಿಶಾಚಿ ಅಂತ ಬಯ್ಯೋಳು ನಾನು. ಸೌಟಲ್ಲಿ, ಬಕೀಟಿನ ನೀರಲ್ಲಿ, ಗಾಡಿ ಕನ್ನಡೀಲಿ, ಎಲ್ ಹೊಳದ್ರೆ ಅಲ್ ಮಕ ಇಡೋಳು. ಅವ್ಳು ಹೋದ್ ಮ್ಯಾಲೆ ಕಿತ್ ಹಾಕ್ದೆ." ಸಣ್ಣ ಎಲೆಯ ಕಡೆ ತಿರುಗಿದರು: "ನಮ್ಮೆಜಮಾನ್ರು ದಾರಿ ಕೇಳ್ಕಂಡಾದ್ರೂ ಹೊಸ ಮನೆಗೆ ಬತ್ತಾರೆ. ಇವ್ಳು ಬರಲ್ಲ ಕಣವ್ವ. ಇವ್ಳು ಹೋದಾಗ ಆ ಲೇಔಟೆಲ್ಲ ದ್ರಾಕ್ಷಿ ತೋಟ. ಇಲ್ಲಿಗೆ ಬತ್ತಿದಾಳೋ ಇಲ್ವೋ, ಅಷ್ಟ್ ಹೇಳು ನಂಗೆ. ಬತ್ತಿದ್ರೆ ಇಲ್ಲೇ ಬಿಟ್ಟು ಮನೆ ಕೆಡವಕ್ಕಾಗ್ತದಾ?"

ಕದ ಮುಚ್ಚಿತು. ಜಗಲಿಯ ಮೇಲೆ ನಾವು ನಾಲ್ವರೂ ಬೀದಿಯ ಕಡೆ ಮುಖ ಮಾಡಿ ಕೂತೆವು. ಮಗ ಹೊಸ ಮನೆಯ ನೀರಿನ ಮೀಟರಿನ ವಿಷಯ ಹೇಳುತ್ತಿದ್ದ. ಮಾತು ನಿಂತಾಗ ಒಳಗಿನಿಂದ ಏನಾದರೂ ಕೇಳುತ್ತದೇನೋ ಎಂದು ನಾನು ಕಿವಿ ಕೊಟ್ಟಿದ್ದೆ. ಗೋಡೆಯಾಚೆಯಿಂದ ಕೇಳುವಷ್ಟು ಸದ್ದು ನನ್ನ ಕ್ಯಾಮೆರಾಕ್ಕೆ ಇಲ್ಲ. ಆದರೂ ಅದು ಕಣ್ಣು ಮುಚ್ಚಿ ತೆಗೆಯುವುದು ನನಗೆ ಕೇಳಿದ ಹಾಗಾಗುತ್ತಿತ್ತು. ಅಮ್ಮ ಎದ್ದು ಕದ ತಟ್ಟಿ ಕೆಮ್ಮಿದರು. ಒಳಗೆ ಎಲ್ಲವೂ ಇಟ್ಟ ಹಾಗೇ ಇತ್ತು. ಊಟ ಮಾಡಿದೆವು. ನಾನು ಕಾರ್ಡು ತೆಗೆದುಕೊಂಡು ಬೆಳಕಿರುವಾಗಲೇ ಹೊರಟೆ.

ರೂಮಿಗೆ ಬಂದು ಕೈಕಾಲು ತೊಳೆದು, ಕೆಳಗಿನ ಮನೆಯವರ ಟೀವಿಯ ಸದ್ದು ಕೇಳಿಸಲಿ ಎಂದು ಬಾಗಿಲು ತೆರೆದೇ ಇಟ್ಟು ಕೂತೆ. ಕದ ಮುಚ್ಚಿದ್ದ ಹೊತ್ತಿಗೆ ಸೇರಿದ್ದು ಮೂರು ಚಿತ್ರ.

ಮೊದಲನೆಯದು ಬಹುಪಾಲು ಕಪ್ಪು. ದೀಪ, ಅದರ ಸುತ್ತ ಒಂದು ಹಿಡಿ ಬೆಳಕು, ಎಲೆಯ ಅಂಚು.

ಮೂರನೆಯದೂ ಹಾಗೇ.

ನಡುವಿನದು ಬೆಳ್ಳಗಿತ್ತು. ದೀಪ ಊದಿಕೊಂಡು ಬಿಳಿಯ ಚೆಂಡಾಗಿತ್ತು. ಜಂತೆಯ ಮಸಿ, ಕದಕ್ಕೆ ಒಳಗಿನಿಂದ ಬಳಿದ ನೀಲಿ, ಮೂಲೆಯ ಒನಕೆ, ಹಸಿರು ಬಳೆಗಳ ಒಂದೊಂದೇ ಸುತ್ತು, ಎಲ್ಲವೂ ಹಾಡುಹಗಲಿನ ಹಾಗೆ ಕಾಣುತ್ತಿತ್ತು. ಕದ ಮುಚ್ಚಿಯೇ ಇತ್ತು. ಒಳಗೆ ಯಾರೂ ಇರಲಿಲ್ಲ.

ನಾನು ಬಹಳ ಹೊತ್ತು ಅದನ್ನು ನೋಡಿದೆ. ಸೊಸೆಯ ಮಿಂಚುಗಳನ್ನು ಹುಡುಕಿ ಹುಡುಕಿ ನನ್ನ ಕಣ್ಣು ಪಳಗಿತ್ತು. ಇದು ಅದೇ ಮಿಂಚು. ಸೊಸೆ ಆಗ ನನ್ನ ಪಕ್ಕ ಜಗಲಿಯ ಮೇಲೆ ಕೂತು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದಳು.

ಕ್ಯಾಮೆರಾ ಕತ್ತಲಲ್ಲಿ ಅಳತೆ ತಪ್ಪುವುದುಂಟು. ಹೆಂಚಿನ ಮನೆಯಲ್ಲಿ ಹಲ್ಲಿಗಳಿಗೆ ಕಡಿಮೆಯಿಲ್ಲ, ಒಂದು ಹಲ್ಲಿ ಗಾಜಿನ ಮೇಲೆ ಹಾದರೂ ಸಾಕು. ಇದನ್ನೆಲ್ಲ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಲು ಹೋದವಳು, ಆರಿದ ಪರದೆಯಲ್ಲಿ ನನ್ನ ಮುಖ ಕಂಡು ಕೈ ಹಿಂತೆಗೆದೆ.

ಸಂಪಾದಕರ ಫೋನು ಬಂತು. ಎಡೆಯ ಬಗ್ಗೆ ಅವರಿಗೆ ಮೊದಲೇ ಹೇಳಿದ್ದೆ.

"ಕ್ಯಾಮೆರಾ ಆನ್ ಇತ್ತಾ ಒಳಗೆ? ಅದೇ ಕಣಮ್ಮ ಸ್ಟೋರಿ! ಕದ ಹಾಕ್ತಾರೆ, ಕತ್ತಲು, ಕದ ತೆಗೀತಾರೆ. ಜನ ಉಸಿರು ಬಿಗಿ ಹಿಡಿದು ನೋಡ್ತಾರೆ. ಏನ್ ಬಂದಿದೆ?"

"ಎರಡು ಹೆಚ್ಚೂಕಮ್ಮಿ ಕಪ್ಪು ಸರ್. ಒಂದು ತೀರಾ ಬಿಳಿ. ಬಳಸೋ ಹಾಗಿಲ್ಲ."

"ಛೆ. ಏನೂ ಮಾಡಕ್ಕಾಗಲ್ವಾ?"

"ಇಲ್ಲ ಸರ್."

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆಮೇಲೆ ಪ್ರಕಟವಾದ ವಿಡಿಯೋದಲ್ಲಿ ಕದ ಮುಚ್ಚುತ್ತದೆ, ಮರುಕ್ಷಣ ತೆರೆಯುತ್ತದೆ. ನಡುವೆ ಏನಿತ್ತು ಎಂದು ಯಾರೂ ಕೇಳಿಲ್ಲ. ಸಂಪಾದಕರಿಗೆ ಹೇಳುವುದು ಸುಲಭವಾಗಿತ್ತು. ಅಮ್ಮನಿಗೆ ಏನು ಹೇಳುವುದು ಎಂಬುದು ಮಾತ್ರ ತಿಳಿಯಲಿಲ್ಲ. ಬಂದಿದ್ದಳು ಎಂದರೆ ನಾನು ಕಾಣದ್ದನ್ನು ಹೇಳಿದ ಹಾಗೆ. ಬಂದಿರಲಿಲ್ಲ ಎಂದರೂ ಅಷ್ಟೇ. ಆ ಮಾತಿನ ಮೇಲೆ ಅವರು ಮಗಳನ್ನು ಬಿಟ್ಟು ಹೋಗಬೇಕು, ಇಲ್ಲವೇ ಕರೆದುಕೊಂಡು ಹೋಗಬೇಕು.

ಮಾರನೆಯ ಬೆಳಿಗ್ಗೆ ನಾನು ಹೋದಾಗ ಮಗ ಟೆಂಪೋಗೆ ಬೀರು ಹೇರುತ್ತಿದ್ದ. ಅಮ್ಮ ಒಳಗೆ ಗೋಡೆಗೆ ಒರಗಿ ಕೂತಿದ್ದರು. ತಲೆಯೆತ್ತಿ ನನ್ನ ಮುಖ ನೋಡಿದರು.

"ಯಾರೂ ಕಾಣಿಸಲ್ಲ ಅಮ್ಮ," ಎಂದೆ. "ಆದರೆ ನಡುವಿನ ಚಿತ್ರ ತೆಗೆಯೋಕೆ ಮುಂಚೆ ಗಾಜಿಗೆ ಏನೋ ಅಡ್ಡ ಬಂದ ಹಾಗಿದೆ. ನಿಮ್ಮ ಸೊಸೆ ಮುಖ ನೋಡ್ಕೊಂಡಾಗ ಬರುತ್ತಲ್ಲ, ಹಾಗೆ. ಹಲ್ಲಿನೂ ಇರಬಹುದು."

ಅಮ್ಮ ಎದ್ದರು.

"ಹಲ್ಲಿಗೆ ಮಕ ನೋಡ್ಕಳೋ ಚಟ ಇಲ್ಲ ಕಣವ್ವ."

ಕಂಬದ ಹತ್ತಿರ ಹೋಗಿ ಕ್ಯಾಮೆರಾದ ಮುಂದೆ ನಿಂತರು, ಆದರೆ ಗಾಜಿನೊಳಗೆ ನೋಡಲಿಲ್ಲ. "ಇದನ್ನ ಆ ಮನೇಲೂ ಕಟ್ತೀಯಾ? ಪಟ ತೆಗೀದಿದ್ರೂ ಸೈ."

ನಾನು ಕಂಬದಿಂದ ಅದನ್ನು ಬಿಚ್ಚಿದೆ. ಬ್ಯಾಟರಿ ತೆಗೆದೆ. ಗಾಜಿನ ಮುಚ್ಚಳ ಹಾಕಲು ಚೀಲಕ್ಕೆ ಕೈ ಹಾಕಿದಾಗ ಅಮ್ಮ ಬೇಡವೆಂದು ತಲೆಯಾಡಿಸಿದರು. ಅವರೇ ಇಕ್ಕಳದಿಂದ ಆ ತುಕ್ಕಿನ ಮೊಳೆ ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡರು. ಟೆಂಪೋದಲ್ಲಿ ಮುಂದೆ ಜಾಗವಿದೆ ಎಂದು ಮಗ ಕೂಗಿದ.

"ನೀ ನಡಿಯಪ್ಪ. ನಾವು ಗಾಡೀಲಿ ಬತ್ತೀವಿ."

ಸ್ಕೂಟರಿನ ಹಿಂದೆ ಒಂದೇ ಕಡೆಗೆ ಕಾಲು ಹಾಕಿ ಕೂತು, ಕ್ಯಾಮೆರಾವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡರು. ಗಾಜು ಹೊರಕ್ಕೆ, ದಾರಿಯ ಕಡೆಗೆ. "ನಿಧಾನಕ್ ಹೋಗವ್ವ. ತಿರುವು ಬಂದಾಗೆಲ್ಲ ಊರಿನ ಹೆಸ್ರು ಹೇಳು."

ಹೊರಡುವ ಮುನ್ನ ನಾನು ಸ್ಕೂಟರಿನ ಎಡಗನ್ನಡಿಯನ್ನು ಹಿಂದೆ ಕೂತವರ ಮುಖ ಕಾಣುವ ಹಾಗೆ ತಿರುಗಿಸಿದೆ. ತಿರುವುಗಳಲ್ಲೆಲ್ಲ ಊರಿನ ಹೆಸರು ಗಟ್ಟಿಯಾಗಿ ಹೇಳಿದೆ. ಹೊಸಕೋಟೆ ಸೇರುವವರೆಗೂ ಆ ಕನ್ನಡಿಯ ಕಡೆ ನೋಡಲಿಲ್ಲ.